ಬಲ ಕೊಟ್ಟವರು, ಬಲ ಕಸಿದವರು: ಅಮೆರಿಕದ ಸೂಪರ್‌ಹೀರೊ ಕಾಮಿಕ್ಸ್‌ನಲ್ಲಿ ಹೆಣ್ಣು, 1938–2021

ಅತಿಮಾನುಷ ಬಲವುಳ್ಳ ನಾಯಕರ ಸಾಹಸಗಳನ್ನು ಚಿತ್ರ ಮತ್ತು ಸಂಭಾಷಣೆಯ ಮೂಲಕ ಹೇಳುವ ಸೂಪರ್‌ಹೀರೊ ಕಾಮಿಕ್ಸ್ ಎಂಬ ಪ್ರಕಾರವು ಅಮೆರಿಕದಲ್ಲಿ 1938ರ ಸೂಪರ್‌ಮ್ಯಾನ್‌ನಿಂದ ಆರಂಭವಾಯಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಆ ವರ್ಷದ ಜೂನ್ ತಿಂಗಳ ಹೆಸರಿನಲ್ಲಿ ಹೊರಬಂದ ‘ಆಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿಯೇ ಲೋಯಿಸ್ ಲೇನ್ ಎಂಬ ಪತ್ರಕರ್ತೆಯೂ ಇದ್ದಳು. ತನ್ನೊಡನೆ ನರ್ತಿಸಬೇಕೆಂದು ಬಲವಂತ ಮಾಡಿದ ಪುಂಡನ ಕೆನ್ನೆಗೆ ಬಾರಿಸುವ ಧೈರ್ಯ ಅವಳಿಗಿತ್ತು. ಆದರೆ ಕೆಲವೇ ಚೌಕಟ್ಟುಗಳ ನಂತರ ಆ ಪುಂಡರೇ ಅವಳನ್ನು ಕಾರಿನಲ್ಲಿ ಹೊತ್ತೊಯ್ಯುತ್ತಾರೆ ಮತ್ತು ಅವಳನ್ನು ಬಿಡಿಸುವ ಕೆಲಸ ಸೂಪರ್‌ಮ್ಯಾನ್‌ನ ಪಾಲಿಗೆ ಬರುತ್ತದೆ. ಧೈರ್ಯವನ್ನು ಕೊಟ್ಟು ಅದರ ಫಲವನ್ನು ಹಿಂತೆಗೆದುಕೊಳ್ಳುವ ಈ ರೀತಿ ಮುಂದಿನ ಎಂಟು ದಶಕಗಳಲ್ಲಿ ಬೇರೆ ಬೇರೆ ನಾಯಕಿಯರ ವಿಷಯದಲ್ಲಿ ಮತ್ತೆ ಮತ್ತೆ ಮರುಕಳಿಸಿತು.

ಈ ಎಂಟು ದಶಕಗಳನ್ನು ದೌರ್ಬಲ್ಯದಿಂದ ಸ್ವಾತಂತ್ರ್ಯದತ್ತ ಸಾಗಿದ ಏರುಹಾದಿಯೆಂದು ಬಣ್ಣಿಸುವ ರೂಢಿಯಿದೆ. ಸಂಚಿಕೆಗಳನ್ನು ಕಾಲಕ್ರಮದಲ್ಲಿ ಓದಿದವರಿಗೆ ಈ ವರ್ಣನೆ ಒಪ್ಪಿಗೆಯಾಗುವುದು ಕಷ್ಟ. 1942ರಲ್ಲಿ ಅಂಗಡಿಯ ಕೆಲಸಗಾರ್ತಿಯರ ಸಂಬಳಕ್ಕಾಗಿ ಹೋರಾಡಿದ ನಾಯಕಿಯೇ 1950ರ ದಶಕದಲ್ಲಿ ಮದುವೆಯ ಕನಸಿನಲ್ಲಿ ಮುಳುಗಿದಳು. 1964ರಲ್ಲಿ ಹೊಸ ಶಕ್ತಿ ಪಡೆದವಳೊಬ್ಬಳಿದ್ದರೆ, 1968ರಲ್ಲಿ ಇದ್ದ ಶಕ್ತಿಯನ್ನೂ ಕಳೆದುಕೊಂಡವಳು ಇನ್ನೊಬ್ಬಳು. ಈ ಏರಿಳಿತಗಳಿಗೆ ಕಾರಣವನ್ನು ಕಥೆಗಳ ಒಳಗಿಗಿಂತ ಹೊರಗೆ, ಅಂದರೆ ಬರೆಯುತ್ತಿದ್ದವರು ಯಾರು, ಸಂಪಾದಕರ ಕುರ್ಚಿಯಲ್ಲಿ ಕೂತವರು ಯಾರು, ಪುಸ್ತಿಕೆ ಯಾವ ಅಂಗಡಿಯಲ್ಲಿ ಯಾರ ಕೈಗೆ ಸೇರುತ್ತಿತ್ತು ಎಂಬ ಪ್ರಶ್ನೆಗಳಲ್ಲಿ ಹುಡುಕಬೇಕಾಗುತ್ತದೆ. ಅದಕ್ಕೆ ಎಲ್ಲರಿಗಿಂತ ಹೆಚ್ಚು ಕಾಲ ಬಾಳಿದ ವಂಡರ್ ವುಮನ್‌ಳ ಚರಿತ್ರೆಯೇ ಮುಖ್ಯ ಆಧಾರ.

ಆದರೆ ಅವಳೇ ಮೊದಲಿಗಳಲ್ಲ. ಕಾಡನ್ನು ಕಾಯುವ ಮಾಯಾವಿ ಫ್ಯಾಂಟೋಮಾ 1940ರಲ್ಲಿಯೇ ಬಂದಿದ್ದಳು. 1941ರ ಏಪ್ರಿಲ್‌ನಲ್ಲಿ ಭಾನುವಾರದ ಪತ್ರಿಕೆಗಳಲ್ಲಿ ಆರಂಭವಾದ ‘ಮಿಸ್ ಫ್ಯೂರಿ’ ಎಂಬ ಚಿತ್ರಮಾಲಿಕೆಯಲ್ಲಿ ಕರಿಚಿರತೆಯ ಚರ್ಮ ಹೊದ್ದು ಹೋರಾಡುವ ಸಿರಿವಂತ ತರುಣಿಯ ಕಥೆಯಿತ್ತು. ಅದನ್ನು ಬರೆದು ಚಿತ್ರಿಸಿದವರು ಜೂನ್ ಟಾರ್ಪೆ ಮಿಲ್ಸ್ ಎಂಬ ಮಹಿಳೆ. ಸಾಹಸಕಥೆಗಳ ಕರ್ತೃ ಹೆಣ್ಣೆಂದು ಓದುಗರಿಗೆ ತಿಳಿಯಬಾರದೆಂದು ಅವರು ತಮ್ಮ ಹೆಸರಿನಿಂದ ‘ಜೂನ್’ ಅನ್ನು ಕೈಬಿಟ್ಟು ಬರಿಯ ಟಾರ್ಪೆ ಮಿಲ್ಸ್ ಎಂದು ಸಹಿ ಮಾಡುತ್ತಿದ್ದರು.

ವಂಡರ್ ವುಮನ್‌ಳನ್ನು ಸೃಷ್ಟಿಸಿದ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಮನೋವಿಜ್ಞಾನಿ. ಸುಳ್ಳು ಹೇಳುವಾಗ ರಕ್ತದೊತ್ತಡದಲ್ಲಿ ಆಗುವ ವ್ಯತ್ಯಾಸವನ್ನು ಅಳೆದು, ಸುಳ್ಳುಪತ್ತೆಯ ಒಂದು ಪರೀಕ್ಷೆಯನ್ನು ರೂಪಿಸಿ ಹೆಸರಾದವರು. ಅವರ ಮನೆಯ ವ್ಯವಸ್ಥೆ ಆ ಕಾಲದ ಸಮಾಜಕ್ಕೆ ಬಹಿರಂಗವಾಗಿ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಪತ್ನಿ ಎಲಿಜಬೆತ್ ಹಾಲೊವೆ ದುಡಿದು ಸಂಸಾರವನ್ನು ನಡೆಸುತ್ತಿದ್ದರೆ, ಅದೇ ಮನೆಯಲ್ಲಿ ವಾಸವಿದ್ದ ಆಲಿವ್ ಬರ್ನ್ ಮನೆಯ ನಾಲ್ವರು ಮಕ್ಕಳನ್ನು ಸಾಕುತ್ತಿದ್ದರು. ಆ ನಾಲ್ವರಲ್ಲಿ ಇಬ್ಬರು ಎಲಿಜಬೆತ್ ಅವರ ಮಕ್ಕಳಾದರೆ ಇನ್ನಿಬ್ಬರು ಆಲಿವ್ ಅವರ ಮಕ್ಕಳು, ತಂದೆ ಮಾತ್ರ ಮಾರ್ಸ್ಟನ್ ಒಬ್ಬರೇ. ಆಲಿವ್ ಅವರ ತಾಯಿ ಎಥೆಲ್ ಬರ್ನ್ ಮತ್ತು ದೊಡ್ಡಮ್ಮ ಮಾರ್ಗರೆಟ್ ಸ್ಯಾಂಗರ್ 1916ರಲ್ಲಿ ಬ್ರೂಕ್ಲಿನ್‌ನಲ್ಲಿ ಅಮೆರಿಕದ ಮೊದಲ ಗರ್ಭನಿರೋಧ ಚಿಕಿತ್ಸಾಲಯವನ್ನು ತೆರೆದು ಬಂಧನಕ್ಕೊಳಗಾದವರು. ಎಥೆಲ್ ಸೆರೆಮನೆಯಲ್ಲಿ ಉಪವಾಸ ಸತ್ಯಾಗ್ರಹವನ್ನೂ ಮಾಡಿದ್ದರು. ಆಲಿವ್ ಸದಾ ತೊಡುತ್ತಿದ್ದ ಅಗಲ ಕಡಗಗಳೇ ವಂಡರ್ ವುಮನ್‌ಳ ಮುಂಗೈಯಲ್ಲಿ ಗುಂಡನ್ನು ತಡೆಯುವ ಕಡಗಗಳಾದವು. 1940ರ ಅಕ್ಟೋಬರ್‌ನಲ್ಲಿ ‘ಫ್ಯಾಮಿಲಿ ಸರ್ಕಲ್’ ಪತ್ರಿಕೆಯಲ್ಲಿ ಬಂದ ಮಾರ್ಸ್ಟನ್ ಅವರ ಸಂದರ್ಶನವನ್ನು ಆಲಿವ್ ಅವರೇ ಬೇರೆ ಹೆಸರಿನಲ್ಲಿ ಬರೆದಿದ್ದರು. ಕಾಮಿಕ್ಸ್‌ಗಳನ್ನು ಮೆಚ್ಚಿ ಆಡಿದ ಮಾತುಗಳಿದ್ದ ಅದನ್ನು ಓದಿ ಪ್ರಕಾಶಕ ಎಂ.ಸಿ. ಗೇನ್ಸ್ ಅವರು ಮಾರ್ಸ್ಟನ್‌ರನ್ನು ತಮ್ಮ ಸಲಹಾ ಮಂಡಳಿಗೆ ಸೇರಿಸಿಕೊಂಡರು.

ಕಾಮಿಕ್ಸ್‌ಗಳ ದೊಡ್ಡ ದೋಷವೆಂದರೆ ಅವುಗಳಲ್ಲಿ ತುಂಬಿರುವ ಗಂಡಸುತನದ ಉಗ್ರತೆ, ಅದಕ್ಕೆ ಪರಿಹಾರ ಒಬ್ಬ ನಾಯಕಿ ಎಂಬುದು ಮಾರ್ಸ್ಟನ್ ಅವರ ವಾದವಾಗಿತ್ತು. 1941ರ ಕೊನೆಯಲ್ಲಿ ‘ಆಲ್ ಸ್ಟಾರ್ ಕಾಮಿಕ್ಸ್’ನ 8ನೆಯ ಸಂಚಿಕೆಯಲ್ಲಿ ಆ ನಾಯಕಿ ಮೊದಲ ಬಾರಿ ಕಾಣಿಸಿಕೊಂಡಳು, 1942ರ ಜನವರಿಯಿಂದ ‘ಸೆನ್ಸೇಷನ್ ಕಾಮಿಕ್ಸ್’ನ ಮುಖಪುಟಕ್ಕೆ ಬಂದಳು, ಅದೇ ವರ್ಷದ ಬೇಸಿಗೆಯಲ್ಲಿ ಅವಳದೇ ಹೆಸರಿನ ಪತ್ರಿಕೆಯೂ ಹೊರಟಿತು. ಗಂಡಸರಿಲ್ಲದ ದ್ವೀಪದಿಂದ ಬಂದ ಅಮೆಜಾನ್ ರಾಜಕುಮಾರಿ ಡಯಾನಾಳ ಕೈಯಲ್ಲಿ, ಬಿಗಿಸಿಕೊಂಡವರು ಹೇಳಿದಂತೆ ಕೇಳುವಂತೆ ಮಾಡುವ ಬಂಗಾರದ ಪಾಶವಿತ್ತು. ಗಂಡಸೊಬ್ಬ ಅವಳ ಕಡಗಗಳಿಗೆ ಸರಪಳಿ ಬೆಸೆದರೆ ಅವಳ ಬಲವೆಲ್ಲ ಉಡುಗುತ್ತಿತ್ತು. ಈ ಸರಪಳಿಯ ಮೂಲವನ್ನು ಮತದಾನದ ಹಕ್ಕಿಗಾಗಿ ನಡೆದ ಹೋರಾಟದಲ್ಲಿ ಕಾಣಬಹುದು. ಇಂಗ್ಲೆಂಡಿನ ಹೋರಾಟಗಾರ್ತಿ ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಅವರಿಗೆ 1911ರಲ್ಲಿ ಹಾರ್ವರ್ಡ್ ತನ್ನ ಆವರಣದಲ್ಲಿ ಭಾಷಣಕ್ಕೆ ಅವಕಾಶ ನಿರಾಕರಿಸಿದಾಗ ಮಾರ್ಸ್ಟನ್ ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿ. ವಂಡರ್ ವುಮನ್‌ಳನ್ನು ಚಿತ್ರಿಸಿದ ಹ್ಯಾರಿ ಜಿ. ಪೀಟರ್ ಆ ಹೋರಾಟದ ದಿನಗಳಲ್ಲಿ ‘ಜಡ್ಜ್’ ಎಂಬ ಪತ್ರಿಕೆಗೆ ಕೆಲಸ ಮಾಡಿದ್ದರು, ಮತ್ತು ಅದೇ ಪತ್ರಿಕೆಯಲ್ಲಿ 1912ರಲ್ಲಿ ಲೂ ರೋಜರ್ಸ್ ಎಂಬ ಕಲಾವಿದೆ ಬರೆದ, ಮೈಗೆ ಬಿಗಿದ ಹಗ್ಗವನ್ನು ಹರಿದೊಗೆಯುತ್ತಿರುವ ಹೆಣ್ಣಿನ ಚಿತ್ರ ಅಚ್ಚಾಗಿತ್ತು. ವಂಡರ್ ವುಮನ್ ಸರಪಳಿ ಹರಿಯುವ ಪ್ರತಿ ಚೌಕಟ್ಟಿನ ಹಿಂದೆ ಈ ಚಿತ್ರಪರಂಪರೆ ಇದೆ.

ಆರಂಭದ ಕಥೆಗಳು ಇಂದಿಗೂ ಅಚ್ಚರಿ ಹುಟ್ಟಿಸುವಷ್ಟು ನೇರವಾಗಿವೆ. 1942ರ ಜುಲೈ ತಿಂಗಳ ಕಥೆಯಲ್ಲಿ ಹಾಲಿನ ಬೆಲೆಯನ್ನು ಏರಿಸಿ ಬಡವರ ಮಕ್ಕಳನ್ನು ಹಸಿವಿಗೆ ತಳ್ಳುವ ಕಂಪನಿಯ ವಿರುದ್ಧ ಅವಳು ಜನರನ್ನು ಸೇರಿಸಿ ಮೆರವಣಿಗೆ ನಡೆಸುತ್ತಾಳೆ. ಅದರ ಮುಂದಿನ ತಿಂಗಳ ಕಥೆ ಬುಲ್‌ಫಿಂಚ್ ಎಂಬ ದೊಡ್ಡ ಬಟ್ಟೆ-ಸಾಮಾನಿನ ಅಂಗಡಿಯದು. ಅಲ್ಲಿನ ಕೆಲಸಗಾರ್ತಿಯರು ಕಡಿಮೆ ಸಂಬಳದ ವಿರುದ್ಧ ದನಿಯೆತ್ತಿದಾಗ ವಂಡರ್ ವುಮನ್ ಅಂಗಡಿಯ ಒಡತಿಯನ್ನು ಪಾಶದಿಂದ ಬಿಗಿದು, ಅವಳು ಯಾರೆಂಬುದನ್ನೇ ಮರೆಸಿ, ಬೇರೆ ಹೆಸರಿನಲ್ಲಿ ಅವಳದೇ ಅಂಗಡಿಯಲ್ಲಿ ಸಾಮಾನ್ಯ ಕೆಲಸಗಾರ್ತಿಯಾಗಿ ದುಡಿಯುವಂತೆ ಮಾಡುತ್ತಾಳೆ. ಆ ದುಡಿಮೆಯ ಕಷ್ಟವನ್ನು ಮೈಮೇಲೆ ಉಂಡ ಒಡತಿ, ನೆನಪು ಮರಳಿದ ಮೇಲೆ ಎಲ್ಲರ ಸಂಬಳವನ್ನು ಎರಡು ಪಟ್ಟು ಮಾಡುತ್ತಾಳೆ. ಪತ್ರಿಕೆಯ ನಡುವಿನ ಪುಟಗಳಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರಿಂದ ಮೊದಲ್ಗೊಂಡು ಚರಿತ್ರೆಯ ಮಹಿಳೆಯರ ಜೀವನಕಥೆಗಳು ಚಿತ್ರರೂಪದಲ್ಲಿ ಬರುತ್ತಿದ್ದವು, ಮತ್ತು ಆ ವಿಭಾಗದ ಸಂಪಾದಕಿಯಾಗಿ ಟೆನಿಸ್ ಆಟಗಾರ್ತಿ ಆಲಿಸ್ ಮಾರ್ಬಲ್ ಅವರ ಹೆಸರಿತ್ತು. 1943ರ ಒಂದು ಸಂಚಿಕೆಯ ಮುಖಪುಟದಲ್ಲಿ ವಂಡರ್ ವುಮನ್ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವವಳಾಗಿ ವೇದಿಕೆಯ ಮೇಲೆ ನಿಂತಿದ್ದಳು, ಆ ಚುನಾವಣೆ ಮಾತ್ರ ಸಾವಿರ ವರ್ಷ ಮುಂದಿನದೆಂದು ಕಥೆ ಹೇಳುತ್ತಿತ್ತು.

ಅವಳ ಜನಪ್ರಿಯತೆಯನ್ನು ಅಳೆಯಲು ಗೇನ್ಸ್ ಅವರ ಸಂಸ್ಥೆ ಓದುಗರನ್ನೇ ಕೇಳಿತು. ಸೂಪರ್‌ಹೀರೊಗಳ ಕೂಟವಾದ ಜಸ್ಟಿಸ್ ಸೊಸೈಟಿಗೆ ಹೆಣ್ಣಾದರೂ ವಂಡರ್ ವುಮನ್‌ಳನ್ನು ಸೇರಿಸಬಹುದೇ ಎಂಬ ಪ್ರಶ್ನೆಗೆ ಮೊದಲು ಬಂದ 1,801 ಉತ್ತರಗಳಲ್ಲಿ 1,265 ಹುಡುಗರೂ 333 ಹುಡುಗಿಯರೂ ಸೇರಿಸಬಹುದೆಂದರು. ಬೇಡವೆಂದವರು 197 ಹುಡುಗರು ಮತ್ತು 6 ಹುಡುಗಿಯರು ಮಾತ್ರ. ಆಗ ಅವಳು ಕೂಟವನ್ನು ಸೇರಿದಳೇನೋ ನಿಜ, ಆದರೆ ಕಾರ್ಯದರ್ಶಿಯಾಗಿ. ಆ ಕೂಟದ ಕಥೆಗಳನ್ನು ಬರೆಯುತ್ತಿದ್ದವರು ಮಾರ್ಸ್ಟನ್ ಆಗಿರದೆ ಗಾರ್ಡ್ನರ್ ಫಾಕ್ಸ್ ಆಗಿದ್ದರು. ಯುದ್ಧದಿಂದ ಹಸಿದ ಯುರೋಪಿಗೆ ಆಹಾರ ಒಯ್ಯಲು ಗಂಡು ಸದಸ್ಯರೆಲ್ಲ ಹೊರಟ ಸಂಚಿಕೆಯಲ್ಲಿ, ಅವರಲ್ಲಿ ಬಹುತೇಕರಿಗಿಂತ ಬಲಶಾಲಿಯಾದ ಅವಳು ಹಿಂದುಳಿದು ಶುಭ ಹಾರೈಸುತ್ತಾಳೆ. ಒಂದೇ ಪಾತ್ರ, ಒಂದೇ ವರ್ಷ, ಒಂದೇ ಪ್ರಕಾಶಕ. ಬರೆಯುವ ಕೈ ಬೇರೆಯಾದದ್ದರಿಂದ ಅವಳ ಸ್ಥಾನ ಇಷ್ಟು ಕೆಳಗಿಳಿಯಿತು. ಓದುಗರಾದ ಹುಡುಗರೇ ಬಲಶಾಲಿ ಹೆಣ್ಣನ್ನು ಸಹಿಸಲಿಲ್ಲವೆಂಬ ವಾದವನ್ನು ಈ ಅಂಕಿಗಳ ಮುಂದೆ ಯಾರೂ ಮಂಡಿಸಲಾಗದು.

ಇದೇ ಹೊತ್ತಿಗೆ ವಿರೋಧವೂ ಆರಂಭವಾಗಿತ್ತು. ಕ್ಯಾಥೊಲಿಕ್ ಧರ್ಮಗುರುಗಳ ಆಶ್ರಯದಲ್ಲಿ ಸಭ್ಯ ಸಾಹಿತ್ಯಕ್ಕಾಗಿ ದುಡಿಯುತ್ತಿದ್ದ ಸಂಘಟನೆಯೊಂದು, ನಾಯಕಿಯ ಉಡುಪು ಸಾಲದೆಂಬ ಕಾರಣ ನೀಡಿ 1942ರ ಮಾರ್ಚ್‌ನಲ್ಲಿ ‘ಸೆನ್ಸೇಷನ್ ಕಾಮಿಕ್ಸ್’ ಅನ್ನು ಒಪ್ಪಲಾಗದ ಪ್ರಕಟಣೆಗಳ ಪಟ್ಟಿಗೆ ಸೇರಿಸಿತು. ಮಕ್ಕಳ ಓದಿನ ತಜ್ಞೆಯೂ ಗೇನ್ಸ್ ಅವರ ಸಲಹಾ ಮಂಡಳಿಯ ಸದಸ್ಯೆಯೂ ಆಗಿದ್ದ ಜೋಸೆಟ್ ಫ್ರಾಂಕ್, ಹೆಣ್ಣುಗಳನ್ನು ಸರಪಳಿಯಲ್ಲಿ ಬಿಗಿಯುವ ಚಿತ್ರಗಳ ಬಗ್ಗೆ 1943ರಲ್ಲಿ ಆಕ್ಷೇಪ ಬರೆದರು. ಸಂಸ್ಥೆಯ ಮೊದಲ ಮಹಿಳಾ ಸಂಪಾದಕಿ ಡೊರೊಥಿ ರೂಬಿಚೆಕ್, ಸರಪಳಿಯಿಲ್ಲದೆಯೇ ಕಥೆಯಲ್ಲಿ ಹೆಣ್ಣನ್ನು ಸೆರೆಯಲ್ಲಿಡಬಹುದಾದ ಉಪಾಯಗಳ ಪಟ್ಟಿಯೊಂದನ್ನು ಬೆಳಗಿನ ಅವಸರದಲ್ಲಿ ತಯಾರಿಸಿಕೊಟ್ಟರು. ಅದನ್ನು ಮಾರ್ಸ್ಟನ್‌ಗೆ ಕಳಿಸುತ್ತ ಗೇನ್ಸ್, ಇದರಿಂದ ಸರಪಳಿಯ ಬಳಕೆಯನ್ನು ಶೇಕಡ 50ರಿಂದ 75ರಷ್ಟು ತಗ್ಗಿಸಬಹುದೆಂದೂ ಮಾರಾಟಕ್ಕೆ ತೊಂದರೆಯಾಗದೆಂದೂ ಬರೆದರು. ಮಾರ್ಸ್ಟನ್ ಜಗ್ಗಲಿಲ್ಲ. ಅವರ ಪಾಲಿಗೆ ಸರಪಳಿ ಬಿಡುಗಡೆಯ ಸಂಕೇತವಾಗಿದ್ದಂತೆಯೇ, ಪ್ರೀತಿಯ ಅಧಿಕಾರಕ್ಕೆ ಮಣಿಯುವುದರಲ್ಲಿ ಸುಖವಿದೆಯೆಂಬ ಅವರದೇ ಮನೋವೈಜ್ಞಾನಿಕ ಸಿದ್ಧಾಂತದ ಭಾಗವೂ ಆಗಿತ್ತು. ಹೋರಾಟದ ಸಂಕೇತ ಮತ್ತು ಕಾಮದ ಕಲ್ಪನೆ ಎರಡೂ ಆ ಪುಟಗಳಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ, ಮತ್ತು ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಮಾತ್ರ ತೋರಿಸುವ ಓದು ಪ್ರಾಮಾಣಿಕವಾಗಲಾರದು. ಫ್ರಾಂಕ್ ಅವರ ಆಕ್ಷೇಪಕ್ಕೆ ಆಧಾರವಿತ್ತು, ಹಾಗೆಯೇ ಬುಲ್‌ಫಿಂಚ್ ಅಂಗಡಿಯ ಕಥೆಯನ್ನು ಆ ಕಾಲದಲ್ಲಿ ಬೇರಾರೂ ಬರೆಯುತ್ತಿರಲಿಲ್ಲವೆಂಬುದೂ ಸತ್ಯ.

1944ರಲ್ಲಿ ಮಾರ್ಸ್ಟನ್ ಪೋಲಿಯೊಗೆ ತುತ್ತಾದರು. ಅವರ ತರಗತಿಯಲ್ಲಿ ವಿದ್ಯಾರ್ಥಿನಿಯಾಗಿದ್ದು, ಹತ್ತೊಂಬತ್ತರ ವಯಸ್ಸಿನಲ್ಲಿ ಸಹಾಯಕಿಯಾಗಿ ಸೇರಿದ ಜಾಯ್ ಹಮ್ಮೆಲ್, ಮೊದಲು ಕಥೆಗಳನ್ನು ಬೆರಳಚ್ಚು ಮಾಡುತ್ತಿದ್ದು ಬಳಿಕ ತಾವೇ ಎಪ್ಪತ್ತಕ್ಕೂ ಹೆಚ್ಚು ಕಥೆಗಳನ್ನು ಬರೆದರು. ಅವೆಲ್ಲವೂ ಅಚ್ಚಾದದ್ದು ಮಾರ್ಸ್ಟನ್ ಅವರ ‘ಚಾರ್ಲ್ಸ್ ಮೌಲ್ಟನ್’ ಎಂಬ ಅಂಕಿತದಲ್ಲಿ. 1947ರಲ್ಲಿ ಮಾರ್ಸ್ಟನ್ ತೀರಿಕೊಂಡರು, ಹಮ್ಮೆಲ್ ಕೆಲಸ ಬಿಟ್ಟರು, ಮರುವರ್ಷದ ಆರಂಭದಲ್ಲಿ ಎಲಿಜಬೆತ್ ಹಾಲೊವೆ ತಮ್ಮನ್ನು ಸಂಪಾದಕಿಯಾಗಿ ನೇಮಿಸಬೇಕೆಂದು ಪ್ರಕಾಶಕರಿಗೆ ಪತ್ರ ಬರೆದರು. ಅವರಿಗೆ ಆ ಕೆಲಸ ಸಿಗಲಿಲ್ಲ. ಹೊಣೆ ರಾಬರ್ಟ್ ಕ್ಯಾನಿಗರ್ ಅವರಿಗೆ ಹೋಯಿತು. ಆಮೇಲಿನ ಪತನ ಎಷ್ಟು ವೇಗವಾಗಿತ್ತೆಂಬುದನ್ನು 1949ರ ‘ಸೆನ್ಸೇಷನ್ ಕಾಮಿಕ್ಸ್’ನ 94ನೆಯ ಸಂಚಿಕೆಯ ಮುಖಪುಟವೊಂದೇ ತಿಳಿಸುತ್ತದೆ. ಯುದ್ಧಕಾಲದಲ್ಲಿ ಟ್ಯಾಂಕುಗಳನ್ನು ಎತ್ತುತ್ತಿದ್ದವಳನ್ನು ಅವಳ ಪ್ರಿಯಕರ ಸ್ಟೀವ್ ಟ್ರೆವರ್ ಎರಡೂ ಕೈಗಳಲ್ಲಿ ಎತ್ತಿಕೊಂಡು ಸಣ್ಣ ತೊರೆಯೊಂದನ್ನು ದಾಟಿಸುತ್ತಿದ್ದಾನೆ. ಅವಳು ಹಿಗ್ಗಿನಿಂದ ನಗುತ್ತಿದ್ದಾಳೆ. ಅವಳ ಕಾಲಲ್ಲಿ ಕೆಂಪು ಬೂಟುಗಳ ಜಾಗದಲ್ಲಿ ನರ್ತಕಿಯರು ತೊಡುವಂಥ ಹಳದಿ ಮೆತುಪಾದರಕ್ಷೆಗಳಿವೆ. ಮುಂದಿನ ವರ್ಷಗಳಲ್ಲಿ ಅವಳು ಮಕ್ಕಳನ್ನು ನೋಡಿಕೊಂಡಳು, ರೂಪದರ್ಶಿಯಾದಳು, ಚಲನಚಿತ್ರದಲ್ಲಿ ನಟಿಸಿದಳು, ಪತ್ರಿಕೆಯ ಅಂಕಣದಲ್ಲಿ ಪ್ರೇಮಿಗಳಿಗೆ ಸಲಹೆ ಕೊಟ್ಟಳು. ಚರಿತ್ರೆಯ ಮಹಿಳೆಯರ ಜೀವನಕಥೆಗಳಿದ್ದ ಪುಟಗಳು ಬೇರೆ ಬೇರೆ ದೇಶಗಳ ಮದುವೆಯ ಸಂಪ್ರದಾಯಗಳ ಪಾಲಾದವು. ಯುದ್ಧ ಮುಗಿದು ಗಂಡಸರು ಮರಳಿದ ಮೇಲೆ ಕಾರ್ಖಾನೆಯ ಹೆಂಗಸರನ್ನು ಅಡುಗೆಮನೆಗೆ ಕಳಿಸಿದ ದೇಶದಲ್ಲಿ ನಾಯಕಿಗೆ ಬೇರೆ ಗತಿ ಒದಗಲಿಲ್ಲ.

ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಪ್ರಕಟಿಸಿದ ‘ಸೆಡಕ್ಷನ್ ಆಫ್ ದಿ ಇನ್ನೊಸೆಂಟ್’ ಎಂಬ ಪುಸ್ತಕ, ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆಂದು ವಾದಿಸಿ ದೇಶವನ್ನೇ ಕಲಕಿತು. ವಂಡರ್ ವುಮನ್ ಹುಡುಗಿಯರಿಗೆ ಕೆಟ್ಟ ಮಾದರಿಯೆಂದೂ ಅವಳ ಕಥೆಗಳಲ್ಲಿ ಸಲಿಂಗಕಾಮದ ಸೂಚನೆಯಿದೆಯೆಂದೂ ಅದರಲ್ಲಿ ಆರೋಪಿಸಲಾಗಿತ್ತು. ವರ್ಥಮ್ ತಮ್ಮ ಪುರಾವೆಗಳನ್ನು ತಿರುಚಿದ್ದರೆಂದು ಸಂಶೋಧಕಿ ಕ್ಯಾರಲ್ ಟಿಲ್ಲಿ 2012ರಲ್ಲಿ ದಾಖಲೆಗಳೊಂದಿಗೆ ತೋರಿಸಿದರು, ಆದರೆ ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿತ್ತು. ಸರ್ಕಾರ ಕೈಹಾಕುವ ಮೊದಲೇ ಪ್ರಕಾಶಕರು 1954ರ ಅಕ್ಟೋಬರ್‌ನಲ್ಲಿ ಕಾಮಿಕ್ಸ್ ಕೋಡ್ ಎಂಬ ಸ್ವಯಂ ನಿಯಮಾವಳಿಯನ್ನು ಜಾರಿಗೆ ತಂದರು. ಹೆಣ್ಣಿನ ಅಂಗಾಂಗಗಳನ್ನು ಉತ್ಪ್ರೇಕ್ಷಿಸಿ ಬರೆಯಬಾರದೆಂಬ ನಿಯಮದ ಜೊತೆಯಲ್ಲೇ, ಪ್ರೇಮಕಥೆಗಳು ಮನೆಯ ಮಹತ್ವವನ್ನೂ ಮದುವೆಯ ಪಾವಿತ್ರ್ಯವನ್ನೂ ಎತ್ತಿಹಿಡಿಯಬೇಕೆಂಬ ನಿಯಮವೂ ಅದರಲ್ಲಿತ್ತು. ಆ ವಾತಾವರಣದಲ್ಲಿ, 1956ರ ಜುಲೈನಲ್ಲಿ, ಬ್ಯಾಟ್‌ವುಮನ್ ಹುಟ್ಟಿದಳು. ಬ್ಯಾಟ್‌ಮ್ಯಾನ್‌ನ ಸೊಂಟಪಟ್ಟಿಯಲ್ಲಿ ಆಯುಧಗಳಿದ್ದಂತೆ ಅವಳಿಗೊಂದು ಕೈಚೀಲ, ಅದರೊಳಗೆ ಶೃಂಗಾರ ಸಾಮಗ್ರಿಯ ರೂಪದ ಆಯುಧಗಳು: ಸೀನು ತರಿಸುವ ಪುಡಿ ತುಂಬಿದ ಪೌಡರ್ ಪಫ್, ಬೇಡಿಯಾಗಿ ಬಳಸಬಹುದಾದ ಬಳೆ. ಮೊದಲ ಕಥೆಯ ಕೊನೆಯಲ್ಲಿಯೇ ಬ್ಯಾಟ್‌ಮ್ಯಾನ್ ಅವಳ ಗುಟ್ಟನ್ನು ಕಂಡುಹಿಡಿದು, ಈ ಅಪಾಯದ ಕೆಲಸವನ್ನು ಬಿಡುವಂತೆ ಅವಳನ್ನು ಒಪ್ಪಿಸುತ್ತಾನೆ. ಲೋಯಿಸ್ ಲೇನ್ ಹೆಸರಿನ ಪತ್ರಿಕೆ 1958ರಲ್ಲಿ ಆರಂಭವಾದಾಗ ಅದರ ಶೀರ್ಷಿಕೆಯಲ್ಲಿ ಅವಳ ಹೆಸರಿಗೆ ಮೊದಲು ‘ಸೂಪರ್‌ಮ್ಯಾನ್‌ನ ಗೆಳತಿ’ ಎಂಬ ವಿಶೇಷಣವಿತ್ತು.

1961ರಲ್ಲಿ ಮಾರ್ವೆಲ್ ಸಂಸ್ಥೆಯ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ‘ಫೆಂಟಾಸ್ಟಿಕ್ ಫೋರ್’ ಮೂಲಕ ಸೂಪರ್‌ಹೀರೊಗಳಿಗೆ ಜಗಳ, ಬೇಸರ, ಬಾಡಿಗೆಯ ಚಿಂತೆಗಳನ್ನು ಕೊಟ್ಟು ಪ್ರಕಾರಕ್ಕೆ ಹೊಸ ಜೀವ ತುಂಬಿದರು. ಆ ನಾಲ್ವರಲ್ಲಿ ಒಬ್ಬಳೇ ಹೆಣ್ಣಾದ ಸೂ ಸ್ಟಾರ್ಮ್‌ಗೆ ಸಿಕ್ಕಿದ ಶಕ್ತಿ ಕಣ್ಣಿಗೆ ಕಾಣದಂತಾಗುವುದು. ಅವಳಿಂದ ತಂಡಕ್ಕೇನೂ ಪ್ರಯೋಜನವಿಲ್ಲವೆಂದು ಓದುಗರು ಪತ್ರ ಬರೆದಾಗ, 1963ರ 11ನೆಯ ಸಂಚಿಕೆಯಲ್ಲಿ ತಂಡದ ನಾಯಕ ರೀಡ್ ಅವಳನ್ನು ಸಮರ್ಥಿಸುತ್ತಾನೆ, ಲಿಂಕನ್ನರ ಬಾಳಿನಲ್ಲಿ ಅವರ ತಾಯಿಗಿದ್ದ ಸ್ಥಾನವನ್ನು ಉದಾಹರಿಸಿ. ಮರುವರ್ಷ ಅವಳಿಗೆ ಅದೃಶ್ಯ ಬಲಕವಚಗಳನ್ನು ನಿರ್ಮಿಸುವ ಶಕ್ತಿ ಬಂತು. ಆದರೂ ‘ಇನ್‌ವಿಸಿಬಲ್ ಗರ್ಲ್’ ಎಂಬ ಅವಳ ಹೆಸರಿನಲ್ಲಿದ್ದ ಹುಡುಗಿ, ಮದುವೆಯಾಗಿ ತಾಯಿಯಾದ ಮೇಲೂ ಉಳಿದು, 1985ರಲ್ಲಿ ಜಾನ್ ಬರ್ನ್ ಅವರ ಕಾಲದಲ್ಲಿ ಮಾತ್ರ ‘ಇನ್‌ವಿಸಿಬಲ್ ವುಮನ್’ ಆದಳು.

1968ರಲ್ಲಿ ವಂಡರ್ ವುಮನ್‌ಳ ಹೊಣೆ ಡೆನ್ನಿ ಒನೀಲ್ ಮತ್ತು ಮೈಕ್ ಸೆಕೌಸ್ಕಿ ಅವರಿಗೆ ಬಂತು. ಕುಸಿಯುತ್ತಿದ್ದ ಮಾರಾಟವನ್ನು ಎತ್ತಲು ಅವರು ಅವಳ ಬಲ, ಕಡಗ, ವೇಷ ಎಲ್ಲವನ್ನೂ ತೆಗೆದು, ಅವಳಿಗೊಂದು ಉಡುಪಿನಂಗಡಿಯನ್ನೂ ಕರಾಟೆ ಕಲಿಸುವ ಕುರುಡು ಗುರುವನ್ನೂ ಕೊಟ್ಟರು. ಜನ್ಮಸಿದ್ಧ ಬಲಕ್ಕಿಂತ ಕಲಿತ ವಿದ್ಯೆಯಿಂದ ಗೆಲ್ಲುವ ಹೆಣ್ಣು ಹೆಚ್ಚು ಆಧುನಿಕಳೆಂದು ಅವರು ನಿಜವಾಗಿಯೂ ನಂಬಿದ್ದರು. ದೇಶದ ಅತ್ಯಂತ ಪ್ರಸಿದ್ಧ ನಾಯಕಿಯನ್ನು ಬಲಹೀನಳನ್ನಾಗಿ ಮಾಡಿದ್ದರ ಅರ್ಥ ತಮಗೆ ಆಗ ಹೊಳೆಯಲಿಲ್ಲವೆಂದು ಒನೀಲ್ ಮುಂದೆ ವಿಷಾದಿಸಿದರು. ಈ ಅವಧಿಯ ಕೊನೆಗೆ ವಿಜ್ಞಾನಕಥೆಗಾರ ಸ್ಯಾಮ್ಯುಯೆಲ್ ಆರ್. ಡೆಲಾನಿ ಅವರು ಬರೆದ 203ನೆಯ ಸಂಚಿಕೆ, ಮಹಿಳಾ ವಿಮೋಚನೆಯ ವಿಶೇಷಾಂಕವೆಂಬ ಘೋಷಣೆಯೊಂದಿಗೆ 1972ರ ಡಿಸೆಂಬರ್ ತಿಂಗಳ ಹೆಸರಿನಲ್ಲಿ ಬಂತು. ಮೂವತ್ತು ವರ್ಷಗಳ ಬಳಿಕ ನಾಯಕಿ ಮತ್ತೆ ಒಂದು ದೊಡ್ಡ ಅಂಗಡಿಯೊಳಕ್ಕೆ, ಕಡಿಮೆ ಸಂಬಳದ ಕೆಲಸಗಾರ್ತಿಯರ ನಡುವೆ ಬಂದಿದ್ದಳು. ವ್ಯತ್ಯಾಸವೆಂದರೆ ಈ ಬಾರಿ ಮಾಲೀಕನ ಮನಸ್ಸನ್ನು ಬದಲಿಸುವ ಪಾಶ ಅವಳಲ್ಲಿರಲಿಲ್ಲ. ಅಂಗಡಿ ಮುಚ್ಚುತ್ತದೆ, ಮತ್ತು ಕೆಲಸ ಕಳೆದುಕೊಂಡ ಹೆಂಗಸರು ಅವಳ ಮೇಲೆಯೇ ಸಿಟ್ಟಾಗುತ್ತಾರೆ. 1942ರ ಸುಖಾಂತ್ಯಕ್ಕಿಂತ ಇದು ಹೆಚ್ಚು ಪ್ರಬುದ್ಧವಾದ ರಾಜಕೀಯ ಚಿಂತನೆ, ಆದರೆ ಡೆಲಾನಿ ಯೋಜಿಸಿದ್ದ ಮುಂದಿನ ಭಾಗಗಳು ಬರಲೇ ಇಲ್ಲ.

ಕಾರಣ, ಅದೇ ವರ್ಷದ ಜುಲೈನಲ್ಲಿ ಗ್ಲೋರಿಯಾ ಸ್ಟೈನೆಮ್ ಮತ್ತು ಸಂಗಾತಿಗಳು ಹೊರತಂದ ಸ್ತ್ರೀವಾದಿ ಪತ್ರಿಕೆ ‘ಮಿಸ್’ ತನ್ನ ಮೊದಲ ಮಾಸಿಕ ಸಂಚಿಕೆಯ ಮುಖಪುಟದಲ್ಲಿ, 1943ರ ಆ ಚುನಾವಣೆಯ ಘೋಷಣೆಯನ್ನೇ ಎತ್ತಿಕೊಂಡು, ಹಳೆಯ ವೇಷದ ಬೃಹದಾಕಾರದ ವಂಡರ್ ವುಮನ್‌ಳನ್ನು ನಿಲ್ಲಿಸಿತ್ತು. ಬಾಲ್ಯದಲ್ಲಿ ಮಾರ್ಸ್ಟನ್ ಅವರ ಕಥೆಗಳನ್ನು ಓದಿ ಬೆಳೆದ ತಲೆಮಾರು ಈಗ ತನ್ನ ನಾಯಕಿಯ ಬಲವನ್ನು ಮರಳಿ ಕೇಳುತ್ತಿತ್ತು. 1973ರ ಆರಂಭದ 204ನೆಯ ಸಂಚಿಕೆಯಲ್ಲಿ ಆ ಬಲ ಮರಳಿತು, ಮರಳಿಸಿದವರು ಮತ್ತೆ ಅಧಿಕಾರಕ್ಕೆ ಬಂದ ಕ್ಯಾನಿಗರ್. ಆ ಸಂಚಿಕೆಯ ಮೊದಲ ಪುಟಗಳಲ್ಲಿ ಅಡಗಿ ಕುಳಿತ ಬಂದೂಕುಧಾರಿಯೊಬ್ಬ ಮಹಿಳಾ ಪತ್ರಿಕೆಯೊಂದರ ಸಂಪಾದಕಿ ಡಾಟಿ ಕಾಟನ್‌ಮನ್ ಎಂಬಾಕೆಯನ್ನು ಕೊಲ್ಲುತ್ತಾನೆ. ಅಷ್ಟು ಹೊತ್ತಿಗೆ ವುಲ್ಫೋಕ್ ಎಂಬ ಉಪನಾಮ ಹೊಂದಿದ್ದ ಡೊರೊಥಿ ರೂಬಿಚೆಕ್ ಅವರನ್ನೇ ಆ ಪಾತ್ರ ಹೋಲುತ್ತಿತ್ತೆಂಬುದು ಕಾಮಿಕ್ಸ್ ವಲಯದಲ್ಲಿ ಯಾರಿಗೂ ತಿಳಿಯದ ಸಂಗತಿಯಾಗಿರಲಿಲ್ಲ. ಮಹಿಳೆಯರ ಒತ್ತಾಯಕ್ಕೆ ಮಣಿದು ನಾಯಕಿಯ ಬಲವನ್ನು ಮರಳಿಸಿದ ಸಂಚಿಕೆಯಲ್ಲಿಯೇ ಒಬ್ಬ ಸಂಪಾದಕಿಯನ್ನು ಕಾಗದದ ಮೇಲೆ ಕೊಂದದ್ದು ಈ ಚರಿತ್ರೆಯ ಅತ್ಯಂತ ನೋವಿನ ಪುಟಗಳಲ್ಲೊಂದು. ಅದೇ ಸಂಚಿಕೆಯಲ್ಲಿ ನೂಬಿಯಾ ಎಂಬ ಕಪ್ಪು ಅಮೆಜಾನ್ ಯೋಧೆಯೂ ಮೊದಲ ಬಾರಿ ಕಾಣಿಸಿಕೊಂಡಳು. ಕೆಲವೇ ಸಂಚಿಕೆಗಳ ನಂತರ ಅವಳನ್ನು ಕೈಬಿಡಲಾಯಿತು.

ಮಾರ್ವೆಲ್ ಕೂಡ ಅದೇ ಸಮಯದಲ್ಲಿ ಮಹಿಳೆಯರು ಬರೆದ ಮೂರು ಪತ್ರಿಕೆಗಳನ್ನು ಆರಂಭಿಸಿತು. ಅವುಗಳಲ್ಲಿ ಲಿಂಡಾ ಫೈಟ್ ಬರೆದು ಮೇರಿ ಸೆವೆರಿನ್ ಚಿತ್ರಿಸಿದ ‘ದಿ ಕ್ಯಾಟ್’ ನಾಲ್ಕೇ ಸಂಚಿಕೆಗಳಲ್ಲಿ ಮುಗಿಯಿತು, ಉಳಿದೆರಡೂ ಹೆಚ್ಚು ಬಾಳಲಿಲ್ಲ. 1977ರಲ್ಲಿ ಬಂದ ‘ಮಿಸ್ ಮಾರ್ವೆಲ್’ನ ನಾಯಕಿ ಕ್ಯಾರಲ್ ಡ್ಯಾನ್‌ವರ್ಸ್ ಪತ್ರಿಕೆಯ ಸಂಪಾದಕಿ, ಸಮಾನ ವೇತನಕ್ಕಾಗಿ ಮಾಲೀಕನೊಡನೆ ಜಗಳವಾಡಿದವಳು. ಮೂರು ವರ್ಷಗಳ ನಂತರ ‘ಅವೆಂಜರ್ಸ್’ನ 200ನೆಯ ಸಂಚಿಕೆಯಲ್ಲಿ ಅವಳಿಗೆ ಒದಗಿದ ಗತಿಯೇ ಬೇರೆ. ಬೇರೊಂದು ಕಾಲಲೋಕದ ಗಂಡೊಬ್ಬ ಯಂತ್ರಗಳಿಂದ ಅವಳ ಮನಸ್ಸನ್ನು ವಶಮಾಡಿಕೊಂಡು ಅವಳನ್ನು ಗರ್ಭಿಣಿಯಾಗಿಸುತ್ತಾನೆ, ಕೊನೆಗೆ ಅವಳು ಅವನೊಡನೆಯೇ ಹೊರಟುಹೋಗುತ್ತಾಳೆ, ಸಹಯೋಧರು ಅದನ್ನು ಪ್ರೇಮವೆಂದು ಬಗೆದು ಬೀಳ್ಕೊಡುತ್ತಾರೆ. ಬರೆದವರಿಗೆ ಕಾಣದ್ದು ಓದುಗರಾದ ಕ್ಯಾರಲ್ ಸ್ಟ್ರಿಕ್‌ಲ್ಯಾಂಡ್ ಅವರಿಗೆ ಕಂಡಿತು. ಅಭಿಮಾನಿಗಳ ಪತ್ರಿಕೆಯಲ್ಲಿ ಅವರು ಅದನ್ನು ಅತ್ಯಾಚಾರವೆಂದೇ ಕರೆದು ಲೇಖನ ಬರೆದರು. ‘ಮಿಸ್ ಮಾರ್ವೆಲ್’ ಕಥೆಗಳನ್ನು ಹಿಂದೆ ಬರೆಯುತ್ತಿದ್ದ ಕ್ರಿಸ್ ಕ್ಲೇರ್‌ಮಾಂಟ್ 1981ರ ವಾರ್ಷಿಕ ಸಂಚಿಕೆಯಲ್ಲಿ ಕ್ಯಾರಲ್‌ಳನ್ನು ಮರಳಿ ತಂದು, ತನ್ನನ್ನು ಬೀಳ್ಕೊಟ್ಟ ಸಹಯೋಧರನ್ನು ಅವಳ ಬಾಯಿಂದಲೇ ಪ್ರಶ್ನಿಸುವಂತೆ ಮಾಡಿದರು. ಪ್ರಮುಖ ಪತ್ರಿಕೆಯೊಂದು ತನ್ನದೇ ಕಥೆಯ ಅನ್ಯಾಯವನ್ನು ಕಥೆಯೊಳಗೇ ಒಪ್ಪಿಕೊಂಡ ಅಪರೂಪದ ಉದಾಹರಣೆಯಿದು. ಅದೇ ಕ್ಲೇರ್‌ಮಾಂಟ್ ‘ಎಕ್ಸ್-ಮೆನ್’ನಲ್ಲಿ ಆಫ್ರಿಕನ್ ಮೂಲದ ಸ್ಟಾರ್ಮ್‌ಳನ್ನು ತಂಡದ ನಾಯಕಿಯ ಸ್ಥಾನಕ್ಕೇರಿಸಿದರು.

1970ರ ದಶಕದಿಂದ ಕಾಮಿಕ್ಸ್ ಮಾರಾಟವು ದಿನಸಿ ಅಂಗಡಿ ಮತ್ತು ಪತ್ರಿಕಾ ಕಟ್ಟೆಗಳಿಂದ ಕಾಮಿಕ್ಸ್‌ಗಳನ್ನಷ್ಟೇ ಮಾರುವ ವಿಶೇಷ ಅಂಗಡಿಗಳತ್ತ ಸರಿಯತೊಡಗಿತ್ತು. ಮಾರಾಟವಾಗದ ಪ್ರತಿಗಳನ್ನು ಹಿಂದಿರುಗಿಸುವಂತಿಲ್ಲದ ಈ ವ್ಯವಸ್ಥೆಯಲ್ಲಿ ಅಂಗಡಿಯವರು ತಮ್ಮ ಖಾಯಂ ಗಿರಾಕಿಗಳಾದ ತರುಣರ ಅಭಿರುಚಿಗೆ ತಕ್ಕುದನ್ನೇ ತರಿಸುತ್ತಿದ್ದರು, ಹುಡುಗಿಯರು ಆ ಅಂಗಡಿಗಳ ಬಾಗಿಲು ತುಳಿಯುವುದು ಕಡಿಮೆಯಾಯಿತು. 1988ರ ‘ದಿ ಕಿಲ್ಲಿಂಗ್ ಜೋಕ್’ನಲ್ಲಿ ಖಳನಾಯಕ ಜೋಕರ್ ಬ್ಯಾಟ್‌ಗರ್ಲ್ ಬಾರ್ಬರಾ ಗಾರ್ಡನ್‌ಳ ಮೇಲೆ ಗುಂಡು ಹಾರಿಸಿ ಅವಳ ಕಾಲುಗಳ ಬಲ ಕಸಿಯುತ್ತಾನೆ. ಕಥೆಯ ಗಮನವೆಲ್ಲ ಅವಳ ತಂದೆಯ ಮತ್ತು ಬ್ಯಾಟ್‌ಮ್ಯಾನ್‌ನ ನೋವಿನ ಮೇಲಿದೆ, ಅವಳ ನೋವು ಅವರಿಗೆ ಪೆಟ್ಟು ಕೊಡುವ ಸಾಧನವಷ್ಟೆ. ಇದನ್ನು ಸಹಿಸದ ಕಿಮ್ ಯೇಲ್, ಪತಿ ಜಾನ್ ಆಸ್ಟ್ರಾಂಡರ್ ಅವರೊಂದಿಗೆ ಸೇರಿ, ಮರುವರ್ಷವೇ ಬಾರ್ಬರಾಳನ್ನು ಗಾಲಿಕುರ್ಚಿಯಲ್ಲಿ ಕುಳಿತು ಕಂಪ್ಯೂಟರುಗಳ ಮೂಲಕ ಇಡೀ ಸೂಪರ್‌ಹೀರೊ ಲೋಕಕ್ಕೆ ಮಾಹಿತಿ ಒದಗಿಸುವ ಒರಾಕಲ್ ಆಗಿ ಮರುಹುಟ್ಟಿಸಿದರು. ಅಂಗವಿಕಲ ನಾಯಕಿಯೊಬ್ಬಳು ತನ್ನ ಬುದ್ಧಿಬಲದಿಂದ ಎಲ್ಲರಿಗೂ ಬೇಕಾದವಳಾಗಿ ಎರಡು ದಶಕಗಳ ಕಾಲ ಉಳಿದದ್ದು ಈ ಪ್ರಕಾರದ ದೊಡ್ಡ ಸಾಧನೆಗಳಲ್ಲಿ ಒಂದೆಂದು ನಿಸ್ಸಂಕೋಚವಾಗಿ ಹೇಳಬೇಕು. 1990ರ ದಶಕದ ಉಳಿದ ಬಹುಭಾಗ, ಎದೆ ಮತ್ತು ನಿತಂಬ ಎರಡೂ ಒಟ್ಟಿಗೆ ಕಾಣುವಂತೆ ಬೆನ್ನೆಲುಬನ್ನು ಅಸಾಧ್ಯವಾಗಿ ತಿರುಚಿ ನಿಲ್ಲಿಸಿದ ಹೆಣ್ಣುಗಳ ಚಿತ್ರಗಳಲ್ಲಿ ಕಳೆಯಿತು. 1994ರಲ್ಲಿ ಗ್ರೀನ್ ಲ್ಯಾಂಟರ್ನ್ ಎಂಬ ನಾಯಕನ ಪ್ರೇಯಸಿಯನ್ನು ಖಳನಾಯಕ ಕೊಂದು ಫ್ರಿಜ್ಜಿನಲ್ಲಿ ತುರುಕಿದ ಕಥೆ ಬಂದಾಗ ಹೆಚ್ಚಿನವರು ಪುಟ ತಿರುವಿದರು. ಆಗ ಕೇಶಾಲಂಕಾರದ ವೃತ್ತಿಯಲ್ಲಿದ್ದ ಗೇಲ್ ಸಿಮೋನ್ 1999ರಲ್ಲಿ ಗಂಡು ನಾಯಕರ ಕಥೆಯನ್ನು ಮುಂದೂಡಲೆಂದೇ ಕೊಲೆಯಾದ, ಅತ್ಯಾಚಾರಕ್ಕೊಳಗಾದ, ಬಲ ಕಳೆದುಕೊಂಡ ಹೆಣ್ಣು ಪಾತ್ರಗಳ ಉದ್ದನೆಯ ಪಟ್ಟಿಯನ್ನು ಪ್ರಕಟಿಸಿ ಆ ಕಥೆಯ ಫ್ರಿಜ್ಜನ್ನೇ ಅದಕ್ಕೆ ಹೆಸರಾಗಿಟ್ಟರು. ನಾಲ್ಕು ವರ್ಷಗಳ ನಂತರ ಒರಾಕಲ್ ಮುಖ್ಯಪಾತ್ರವಾಗಿದ್ದ ‘ಬರ್ಡ್ಸ್ ಆಫ್ ಪ್ರೇ’ ಪತ್ರಿಕೆಯ ಬರವಣಿಗೆ ಅವರ ಕೈಗೇ ಬಂತು.

ಈ ನಡುವೆ ‘ಸೇಲರ್ ಮೂನ್’ನಂಥ ಜಪಾನಿನ ಚಿತ್ರಕಥೆಗಳು ಪುಸ್ತಕದಂಗಡಿಗಳ ಮೂಲಕ ಅಮೆರಿಕದ ಹುಡುಗಿಯರನ್ನು ತಲುಪಿ, ಹೆಣ್ಣುಮಕ್ಕಳು ಕಾಮಿಕ್ಸ್ ಓದುವುದಿಲ್ಲವೆಂಬ ಪ್ರಕಾಶಕರ ನಂಬಿಕೆಯನ್ನು ಸುಳ್ಳಾಗಿಸಿದ್ದವು. 2011ರ ಸ್ಯಾನ್ ಡಿಯಾಗೊ ಸಮಾವೇಶದಲ್ಲಿ ಬ್ಯಾಟ್‌ಗರ್ಲ್ ವೇಷ ತೊಟ್ಟ ಓದುಗರೊಬ್ಬರು ಒಂದಾದ ಮೇಲೊಂದು ಗೋಷ್ಠಿಯಲ್ಲಿ ಎದ್ದುನಿಂತು, ವಂಡರ್ ವುಮನ್‌ಳ ಪ್ರಕಾಶಕರಾದ ಡಿಸಿ ಸಂಸ್ಥೆಯ ಹೊಸ ಪತ್ರಿಕೆಗಳಲ್ಲಿ ಲೇಖಕಿಯರೂ ಚಿತ್ರಕಾರ್ತಿಯರೂ ಏಕಿಷ್ಟು ಕಡಿಮೆ ಎಂದು ಕೇಳಿದರು. ಕೆಲವೇ ದಿನಗಳಲ್ಲಿ ಡಿಸಿ ಸಂಸ್ಥೆ ಹೆಚ್ಚು ಮಹಿಳೆಯರನ್ನು ತೆಗೆದುಕೊಳ್ಳುವ ಭರವಸೆಯನ್ನು ಬಹಿರಂಗವಾಗಿ ನೀಡಬೇಕಾಯಿತು. 2012ರಲ್ಲಿ ಕೆಲ್ಲಿ ಸೂ ಡಿಕಾನಿಕ್ ಅವರ ಬರವಣಿಗೆಯಲ್ಲಿ ಕ್ಯಾರಲ್ ಡ್ಯಾನ್‌ವರ್ಸ್ ಈಜುಡುಗೆಯಂಥ ಹಳೆಯ ವೇಷವನ್ನು ಬಿಟ್ಟು, ವಿಮಾನಚಾಲಕರ ಸಮವಸ್ತ್ರದಂತೆ ಮೈತುಂಬ ಮುಚ್ಚುವ ಉಡುಪು ತೊಟ್ಟು ಕ್ಯಾಪ್ಟನ್ ಮಾರ್ವೆಲ್ ಆದಳು. ಅವಳು ಬಿಟ್ಟ ‘ಮಿಸ್ ಮಾರ್ವೆಲ್’ ಎಂಬ ಹೆಸರನ್ನು 2014ರಲ್ಲಿ ಎತ್ತಿಕೊಂಡವಳು ಜೆರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಶಾಲಾಬಾಲಕಿ ಕಮಲಾ ಖಾನ್. ಸಂಪಾದಕಿ ಸನಾ ಅಮಾನತ್, ಲೇಖಕಿ ಜಿ. ವಿಲ್ಲೊ ವಿಲ್ಸನ್ ಮತ್ತು ಚಿತ್ರಕಾರ ಏಡ್ರಿಯನ್ ಅಲ್ಫೋನಾ ರೂಪಿಸಿದ ಈ ಹುಡುಗಿಗೆ ಮೊದಲು ಬಲ ಬಂದಾಗ, ತಾನು ಆರಾಧಿಸುವ ಹೊಂಬಣ್ಣದ ಕೂದಲಿನ ಬಿಳಿಯ ಕ್ಯಾರಲ್‌ಳ ರೂಪವೇ ಅವಳಿಗೂ ಬರುತ್ತದೆ. ಆ ರೂಪ ತನಗೆ ಒಗ್ಗದೆಂಬ ಅರಿವಾಗಿ, ಮುಸ್ಲಿಂ ಹುಡುಗಿಯರು ಈಜಲು ತೊಡುವ ಬುರ್ಕಿನಿಯನ್ನೇ ಮಾರ್ಪಡಿಸಿ ಅವಳು ತನ್ನ ವೇಷ ಹೊಲಿದುಕೊಳ್ಳುವ ಭಾಗ ಇಡೀ ಮಾಲಿಕೆಯ ಜೀವಾಳ. ಅದರ ಮೊದಲ ಸಂಪುಟ 2015ರಲ್ಲಿ ಹ್ಯೂಗೊ ಪ್ರಶಸ್ತಿಯನ್ನು ಪಡೆಯಿತು.

ವಾದಗಳು ಇಲ್ಲಿಗೆ ಮುಗಿಯಲಿಲ್ಲ. ವಂಡರ್ ವುಮನ್‌ಗೆ 75 ವರ್ಷ ತುಂಬಿದ ನೆನಪಿಗಾಗಿ ವಿಶ್ವಸಂಸ್ಥೆ 2016ರ ಅಕ್ಟೋಬರ್‌ನಲ್ಲಿ ಅವಳನ್ನು ಮಹಿಳಾ ಸಬಲೀಕರಣದ ಗೌರವ ರಾಯಭಾರಿಯೆಂದು ಘೋಷಿಸಿದಾಗ, ಅರೆಬತ್ತಲೆ ವೇಷದ ಕಲ್ಪಿತ ಪಾತ್ರಕ್ಕೆ ಈ ಗೌರವ ಸಲ್ಲದೆಂದು ಸಂಸ್ಥೆಯ ನೌಕರರೇ ಸಭೆಗೆ ಬೆನ್ನು ತಿರುಗಿಸಿ ನಿಂತರು. ಸುಮಾರು 45,000 ಜನ ಸಹಿ ಹಾಕಿದ ಮನವಿಯೂ ಸಲ್ಲಿಕೆಯಾಗಿ, ಎರಡು ತಿಂಗಳು ತುಂಬುವ ಮೊದಲೇ ಆ ನೇಮಕ ಕೊನೆಗೊಂಡಿತು. ಜೋಸೆಟ್ ಫ್ರಾಂಕ್ ಅವರ ಆಕ್ಷೇಪ ಎಪ್ಪತ್ತಮೂರು ವರ್ಷಗಳ ಬಳಿಕವೂ ಉತ್ತರ ಕೇಳುತ್ತಿತ್ತು. ಇತ್ತ ಡಿಸಿ ಸಂಸ್ಥೆಯ ಕಥೆಗಳಲ್ಲಿ, 1973ರಿಂದ ಬಹುಮಟ್ಟಿಗೆ ಮೂಲೆಗುಂಪಾಗಿದ್ದ ನೂಬಿಯಾ 2021ರಲ್ಲಿ ಅಮೆಜಾನರ ರಾಣಿಯಾದಳು, ಮತ್ತು ಆ ವರ್ಷದ ಅಕ್ಟೋಬರ್‌ನಲ್ಲಿ ಅವಳನ್ನೇ ನಾಯಕಿಯಾಗಿಸಿ ‘ನೂಬಿಯಾ ಅಂಡ್ ದಿ ಅಮೆಜಾನ್ಸ್’ ಎಂಬ ಮಾಲಿಕೆ ಹೊರಟಾಗ ಅದನ್ನು ಬರೆದವರು ಸ್ಟೆಫನಿ ವಿಲಿಯಮ್ಸ್ ಮತ್ತು ವೀಟಾ ಅಯಾಲಾ, ಚಿತ್ರಿಸಿದವರು ಅಲಿಥಾ ಮಾರ್ಟಿನೆಜ್; ಮೂವರ ಹೆಸರೂ ಮುಖಪುಟದ ಮೇಲೆಯೇ ಅಚ್ಚಾಗಿತ್ತು.